ಶಾಂತಾ ಆಂಟಿಯ ಐದು ಸಾಲಿನ ಕಲ್ಲು

ಆ ಕಲ್ಲಿಗೆ ಒಂಬೈನೂರು ಡಾಲರ್ ಹೇಳಿ ಆರುನೂರಕ್ಕೆ ಇಳಿದೆ. ಕೊಳ್ಳಲು ಬಂದವರು ಚೌಕಾಸಿ ಮಾಡಿರಲಿಲ್ಲ. ನಾನು ಇಳಿದದ್ದು ಅವರು ಕಲ್ಲು ನೋಡಿದ ರೀತಿಗೆ. ನಾರ್‌ಕ್ರಾಸ್‌ನ ನನ್ನ ಗ್ರಾನೈಟ್ ಗೋದಾಮಿಗೆ ಬರುವವರು ಅಡುಗೆಮನೆ ಕಟ್ಟೆಗೆ ಕಲ್ಲು ಆರಿಸುವಾಗ ಹೊಳಪು ನೋಡುತ್ತಾರೆ. ಡಾಕ್ಟರ್ ಶಾಂತಾ ಆಂಟಿ ಎಡಗೈ ಬೆರಳನ್ನು ಕಲ್ಲಿನ ಮೇಲಿಟ್ಟು, ಬಲಗೈ ಬೆರಳಿನಿಂದ ಅದರ ಮೇಲೆ ಬಡಿದು, ತಲೆ ವಾಲಿಸಿ ಕೇಳುತ್ತಿದ್ದರು. ಜೀವನವಿಡೀ ರೋಗಿಗಳ ಎದೆ ಬಡಿದು ನೋಡಿದ ಅಭ್ಯಾಸ.

“ಇದಕ್ಕ ಕೆಮ್ಮೈತಿ ತಮ್ಮಾ, ಬ್ಯಾರೇದು ತೋರ್ಸು,” ಎಂದರು. ನಾನು ನಕ್ಕೆ. ಅವರು ನಗಲಿಲ್ಲ.

ಬಾಗಲಕೋಟೆ ಕಡೆಯವರು. ಅವರ ಯಜಮಾನರೂ ಡಾಕ್ಟರು. ನಿವೃತ್ತಿಯ ಮೇಲೆ ಅವರು ಸವಾನಾ ಪಟ್ಟಣ ದಾಟಿ ಸಮುದ್ರದ ಕಡೆ ಹೋಗಿ, ಸ್ಪೇನಿನ ಪಾದ್ರಿಗಳ ಕಾಲದ ಹಳೆಯ ಚರ್ಚೊಂದರ ಉತ್ಖನನದಲ್ಲಿ ಮಣ್ಣು ಜರಡಿ ಹಿಡಿಯುತ್ತಿದ್ದರಂತೆ. ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಅಲ್ಲಿನ ಊರಿನ ಸಮಿತಿ ಚರ್ಚಿನ ನೆನಪಿಗೆ ಒಂದು ಕಲ್ಲು ಹಾಕಲು ಹೊರಟಿತ್ತು. ಕಲ್ಲಿನ ಖರ್ಚು ಆಂಟಿಯದು, ಕೊನೆಯ ಸಾಲಿನಲ್ಲಿ ಯಜಮಾನರ ಹೆಸರು. ಆಂಟಿಗೆ ಬೇಕಾಗಿದ್ದದ್ದು ಅದೊಂದೇ.

ಅಳತೆಗೆಂದು ಅವರನ್ನು ಆ ಜಾಗಕ್ಕೆ ಕರೆದುಕೊಂಡು ಹೋದೆ. ಓಕ್ ಮರಗಳು, ಹುಲ್ಲು, ಮರಳು. ಫೋಟೋಕ್ಕೆ ಒಂದು ಗೋಡೆಯೂ ಇಲ್ಲ.

“ಚರ್ಚ್ ಎಲ್ಲಿ ಆಂಟಿ?”

“ಅದರಾಗ ನಿಂತೀಯಲ್ಲೋ. ಹಗೂರ ನಡಿ, ಕೆಳಗ ಮಂದಿ ಅದಾರ.”

ಕಂಬ ನೆಟ್ಟು, ಮಣ್ಣು ಮೆತ್ತಿ, ತಾಳೆಗರಿ ಹೊದಿಸಿದ ಚರ್ಚು. ಕೊಳೆತು ಮಣ್ಣು ಸೇರಿತ್ತು. ಕಟ್ಟಿದವರು ಗ್ವಾಲೆ ಎಂಬ ಅಲ್ಲಿನ ಮೂಲ ಜನ. ಆಂಟಿ ತಮ್ಮ ನೆಂಟರ ವಿಷಯ ಹೇಳುವಂತೆ ಹೇಳಿದರು: “ಪಾದ್ರಿಗೋಳು ಕಟ್ರಿ ಅಂದ್ರು, ಇವ್ರು ಕಟ್ಟಿದ್ರು. ಒಮ್ಮೆ ಇವ್ರಿಗೇ ಸಿಟ್ಟು ಬಂತು, ಸುಟ್ರು. ಪಾದ್ರಿಗೋಳು ಮತ್ತ ಇವ್ರ ಕೈಲೇ ಕಟ್ಟಿಸಿದ್ರು. ಸತ್ತವರನ್ನ ಇದರ ನೆಲದಾಗ ಮಣ್ಣು ಮಾಡಿದ್ರು.”

ಕಲ್ಲಿನ ಮೇಲೆ ಕೆತ್ತುವ ಬರಹದ ಕರಡು ಸಮಿತಿಯಿಂದ ಬಂದಾಗ ಅದರಲ್ಲಿ ಚರ್ಚಿನ ಹೆಸರಿತ್ತು, ಸ್ಪೇನ್ ಇತ್ತು, ಪಾದ್ರಿಗಳಿದ್ದರು, ಯಜಮಾನರೂ ಇದ್ದರು. ಗ್ವಾಲೆ ಜನ ಇರಲಿಲ್ಲ. ಅವರಿಗೂ ಒಂದು ಸಾಲು ಬೇಕೆಂದು ಆಂಟಿ ಸಮಿತಿಯ ಅಧ್ಯಕ್ಷರಿಗೆ ಫೋನ್ ಮಾಡಿದರು. ಸ್ಪೀಕರ್‌ನಲ್ಲಿ ನಾನೂ ಕೇಳಿಸಿಕೊಂಡೆ. ಅಧ್ಯಕ್ಷರು ಸೌಮ್ಯ ಮನುಷ್ಯ. ಕಲ್ಲು ಕತ್ತರಿಸಿಯಾಗಿದೆ, ಐದೇ ಸಾಲು ಹಿಡಿಯುತ್ತದೆ, ಏನು ಮಾಡೋಣ ಎಂದರು. ನೆಲಕ್ಕೆ ಮಲಗಿಸುವ ಕಲ್ಲು. ಹಿಂಬದಿಗೆ ಕೆತ್ತುವಂತೆಯೂ ಇಲ್ಲ.

ಬುದ್ಧಿ ಹೇಳುವುದು ನನ್ನ ಚಾಳಿ. “ಸುಮ್ನೆ ಕೇಳಿದ್ರೆ ಕೊಡಲ್ಲ ಆಂಟಿ. ಏನಾದ್ರೂ ಬಿಟ್ಟುಕೊಟ್ಟು ಕೇಳಿ,” ಎಂದೆ. ಪಾದ್ರಿಗಳ ಎರಡು ಸಾಲನ್ನು ಒಂದು ಮಾಡಿಸಿ ಎನ್ನುವುದು ನನ್ನ ಲೆಕ್ಕ.

ಮರುವಾರ ತಿದ್ದಿದ ಕರಡು ಬಂತು. ಐದನೆಯ ಸಾಲು: ಈ ಚರ್ಚನ್ನು ಕಟ್ಟಿದ ಗ್ವಾಲೆ ಜನ ಇದರ ನೆಲದಲ್ಲೇ ಮಲಗಿದ್ದಾರೆ. ಯಜಮಾನರ ಹೆಸರಿಲ್ಲ.

“ನಾನು ಇದನ್ನ ಬಿಡಿ ಅನ್ಲಿಲ್ಲ ಆಂಟಿ.”

“ಪಾದ್ರಿಗೋಳ ಸಾಲು ಬಿಟ್ಟುಕೊಡಾಕ ಅದು ನಂದೇನು? ನನ್ನ ಕೈಯಾಗ ಇದ್ದದ್ದು ಇದೊಂದ.”

“ಅಂಕಲ್ ಹೆಸರು?”

“ನಮ್ಮ ಮನಿಯವ್ರ ಹೆಸರು ನನಗ ಗೊತ್ತೈತಿ. ಇವ್ರ ಹೆಸರು ಯಾರಿಗೂ ಗೊತ್ತಿಲ್ಲ.” ಹೇಳಿ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ಕಲ್ಲು ಕೂರಿಸಿದ ದಿನ ಪ್ರಾರ್ಥನೆ, ಭಾಷಣ, ಲಿಂಬು ಶರಬತ್ತು ಎಲ್ಲ ಆಯಿತು. ಆಂಟಿಯನ್ನು ಯಾರೂ ವೇದಿಕೆಗೆ ಕರೆಯಲಿಲ್ಲ. ಜನ ಚದುರಿದ ಮೇಲೆ ಚಪ್ಪಲಿ ಬಿಟ್ಟು ಹೋಗಿ, ಬಗ್ಗಿ, ಐದನೆಯ ಸಾಲಿನ ಮೇಲೆ ಕೈಯಿಟ್ಟರು. “ನಮ್ಮ ಮನಿಯವ್ರು ಇದ್ದಿದ್ರ ಹಿಂಗ ಮಾಡ್ತಿದ್ರು,” ಎಂದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆಮೇಲೆ ಆಶ್‌ಬರ್ನ್‌ನ ಮಗಳ ಮನೆಗೆ ಹೋದರು. ಎರಡು ವರ್ಷಕ್ಕೆ ಅಲ್ಲಿಂದ ಅವರು ತೀರಿಕೊಂಡ ಸುದ್ದಿ ಬಂತು.

ಕಲ್ಲಿನ ವ್ಯಾಪಾರಿಯಾಗಿ ನಿಮಗೊಂದು ಮಾತು. ದೇವಸ್ಥಾನಕ್ಕೋ ಸಭಾಭವನಕ್ಕೋ ಕಲ್ಲು ಹಾಕಿಸುವುದಿದ್ದರೆ, ಒಕ್ಕಣೆ ಮುಗಿಯುವವರೆಗೆ ಕಲ್ಲು ಕತ್ತರಿಸಲು ಬಿಡಬೇಡಿ. ಕರಡನ್ನು ನಿಜವಾದ ಅಳತೆಯಲ್ಲಿ ಕಾಗದದ ಮೇಲೆ ಬರೆಸಿ, ನೆಲಕ್ಕೆ ಹಾಸಿ, ನಿಂತು ಓದಿ. ಕೈಯಾರೆ ಕಟ್ಟಿದವರ ಸಾಲನ್ನು ಮೊದಲು ಬರೆಸಿ. ಹಣ ಕೊಟ್ಟವರ ಹೆಸರಿಗೆ ಉಳಿದ ಜಾಗ ನೋಡಿ. ಸಾಲದಿದ್ದರೆ ಇನ್ನೂ ದೊಡ್ಡ ಕಲ್ಲು ತೆಗೆದುಕೊಳ್ಳಿ. ಬೆಲೆ ನಾನು ಇಳಿಸುತ್ತೇನೆ.