ಕಣ್ಣು ಮುಚ್ಚದ ಕಾವಲು

ನಮ್ಮ ಬಳ್ಳಾರಿಯ ಡಯಾಲಿಸಿಸ್ ಕೇಂದ್ರಕ್ಕೆ ಹತ್ತಿರದ ಕರೂರು ಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ಆ ಭತ್ತ ನಾಟಿ ಮಾಡುವ ಹೆಂಗಸು, ಸೂಜಿ ಹಿಡಿದು ಹೋದವರನ್ನೆಲ್ಲ ಕೇಳುತ್ತಿದ್ದದ್ದು ಒಂದೇ ಮಾತು: "ಕೈ ತೊಳಕೊಂಡ್ರೇನ್ರಿ?"

"ಬಂದಾಗೊಮ್ಮೆ ಅದನ್ನ ಕೇಳತೀಯಲ್ಲ ಯಕ್ಕಾ," ಎಂದು ನರ್ಸಾದ ನಾನು ರೇಗಿದರೆ, "ಗದ್ದಿ ಕೆಸರು ಕಣ್ಣಿಗೆ ಕಾಣತೈತಿ ತಂಗಿ, ಕೈಯಾಗಿನ ಈ ಹೊಲಸು ಕಾಣಂಗಿಲ್ಲ," ಎನ್ನುತ್ತಿದ್ದಳು. ರಕ್ತ ಯಂತ್ರದಲ್ಲಿ ಸುತ್ತುವಷ್ಟು ಹೊತ್ತೂ ಆಕೆ ಕಣ್ಣು ಮುಚ್ಚುತ್ತಿರಲಿಲ್ಲ. ಅಕ್ಕಪಕ್ಕದ ಹಾಸಿಗೆಗಳಿಗೂ ಅವಳದೇ ಕಾವಲು.

ಒಂದು ದಿನ ಕೇಂದ್ರದ ಗುಣಮಟ್ಟ ನೋಡಲು ಬಂದ ದೊಡ್ಡ ಡಾಕ್ಟರು ನೇರವಾಗಿ ಅವಳ ಸೂಜಿ ಚುಚ್ಚುವ ತೋಳಿಗೇ ಕೈಚಾಚಿದರು. ಅವಳು ಬಾಯಿ ತೆರೆಯುವ ಮೊದಲೇ ನಾನು ಅಡ್ಡ ನಿಂತೆ.

"ಕೈ ತೊಳಕೊಂಡ್ರೇನ್ರಿ, ಸರ್?"

ಡಾಕ್ಟರು ನಲ್ಲಿಯ ಕಡೆಗೆ ನಡೆದರು. ಅವಳು ನನ್ನನ್ನೊಮ್ಮೆ ನೋಡಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು.

"ಇನ್ನ ನಾ ಮಲಗತೀನವ್ವ."