ಕೀಮ್ಯಾನ್ ವೆಂಕಟರಾಮಪ್ಪ ಕಾದ ನಲವತ್ತೈದು ದಿನ

ಬೆಳಗಿನ ಆರಕ್ಕೆ ಇನ್ನೂ ಹತ್ತು ನಿಮಿಷವಿದೆ. ತೊಂಡೇಬಾವಿ ಸ್ಟೇಷನ್ ದಾಟಿ ಗೌರಿಬಿದನೂರಿನ ಕಡೆಗೆ ಹೋಗುವ ಹಳಿಯ ಮೇಲೆ ವೆಂಕಟರಾಮಪ್ಪ ನಡೆಯುತ್ತಿದ್ದಾರೆ. ಹೆಗಲ ಮೇಲೆ ಉದ್ದ ಹಿಡಿಯ ಸುತ್ತಿಗೆ, ಬೆನ್ನಿಗೆ ಸ್ಪ್ಯಾನರ್ ಚೀಲ, ಕಂಕುಳಲ್ಲಿ ಸುತ್ತಿಟ್ಟ ಕೆಂಪು, ಹಸಿರು ಬಾವುಟ. ಹಳಿಯನ್ನು ಬಿಗಿದಿರುವ ಕಬ್ಬಿಣದ ಕ್ಲಿಪ್ಪುಗಳಲ್ಲಿ ಯಾವುದು ಸಡಿಲವಾಗಿದೆ ಎಂದು ನೋಡಿ ಹೊಡೆದು ಕೂರಿಸುತ್ತ ದಿನಕ್ಕೆ ಹತ್ತು ಹನ್ನೆರಡು ಕಿಲೋಮೀಟರ್ ನಡೆಯುವುದು ಅವರ ಕೆಲಸ. ರೈಲ್ವೆಯವರು ಈ ಕೆಲಸದವರನ್ನು ಕೀಮ್ಯಾನ್ ಎನ್ನುತ್ತಾರೆ.

ಮೋರಿಯ ಹತ್ತಿರ ಅವರು ತಟ್ಟನೆ ನಿಂತು, ಕೈ ಅಡ್ಡ ಹಿಡಿದು ನನ್ನನ್ನೂ ತಡೆಯುತ್ತಾರೆ. ಜಲ್ಲಿಯ ಇಳಿಜಾರಿನಲ್ಲಿ ಕಂದುಬಣ್ಣದ ನಾಯಿಯೊಂದು ಮಲಗಿದೆ. ಹಿಂಗಾಲು ಎಳೆದುಕೊಂಡಂತಿದೆ. ನಾಯಿ ನಮ್ಮನ್ನೇ ನೋಡುತ್ತದೆ, ಬೊಗಳುವುದಿಲ್ಲ. ಹನ್ನೆರಡು ನಿಮಿಷದಲ್ಲಿ ಗಾಡಿ ಬರುತ್ತದೆ. ವೆಂಕಟರಾಮಪ್ಪ ಬಾಟಲಿಯ ನೀರನ್ನು ಒಂದು ತೆಂಗಿನ ಚಿಪ್ಪಿಗೆ ಸುರಿದು, ಸುತ್ತಿಗೆಯ ತುದಿಯಿಂದ ನಿಧಾನಕ್ಕೆ ಅದರ ಮುಂದಕ್ಕೆ ತಳ್ಳುತ್ತಾರೆ. ಅದು ನೆಕ್ಕಿ ನೆಕ್ಕಿ ಕುಡಿಯುತ್ತದೆ. ಅವರು ಅದರ ಬಾಯನ್ನೇ ನೋಡುತ್ತ ನಿಂತಿದ್ದಾರೆ.

“ನೀರು ಕುಡೀತು. ಒಳ್ಳೇದು. ಆದ್ರೂ ಮುಟ್ಟಲ್ಲ ಸಾರ್. ಡ್ಯೂಟಿ ಮುಗಿಸ್ಕೊಂಡು ಬೋನು ತರ್ತೀನಿ. ಮೊದಲಾಗಿದ್ರೆ ಹಂಗೇ ಎತ್ಕೊಂಡ್ಬಿಡ್ತಿದ್ದೆ.”

ಹಳಿ ಸಣ್ಣಗೆ ನಡುಗತೊಡಗುತ್ತದೆ. ನಾವು ಬದಿಗೆ ಸರಿಯುತ್ತೇವೆ. ಗಾಡಿ ಹೋದ ಮೇಲೂ ನಾಯಿ ಅಲ್ಲೇ ಇರುವುದನ್ನು ನೋಡಿಯೇ ಅವರು ಮುಂದಕ್ಕೆ ಹೆಜ್ಜೆ ಇಡುತ್ತಾರೆ.

ವೆಂಕಟರಾಮಪ್ಪನವರಿಗೆ ಐವತ್ತೆರಡು ವರ್ಷ. ಊರಲ್ಲಿ ಎರಡು ಎಕರೆ ಜಮೀನಿದೆ, ರೈಲ್ವೆ ಸಂಬಳವಿದೆ. ಹೆಂಡತಿ ಅಶ್ವತ್ಥಮ್ಮ, ಗೌರಿಬಿದನೂರಿನಲ್ಲಿ ಡಿಗ್ರಿ ಓದುವ ಮಗಳು ಯಾಮಿನಿ, ಜೊತೆಗೆ ಎಂಟು ನಾಯಿ. ಎಂಟೂ ಹಳಿ ಬದಿಯಲ್ಲಿ ಸಿಕ್ಕವು. ಗೂಡ್ಸ್ ಗಾಡಿಗೆ ಸಿಕ್ಕಿ ಮುಂಗಾಲು ಕಳೆದುಕೊಂಡದ್ದರ ಹೆಸರು ಗೂಡ್ಸ್. ಮೆಮು ಎಂಬ ಲೋಕಲ್ ರೈಲಿನಿಂದ ಯಾರೋ ಇಳಿಸಿ ಬಿಟ್ಟುಹೋದ ಬಿಳಿ ನಾಯಿಯ ಹೆಸರು ಮೆಮು. ಹನ್ನೊಂದು ವರ್ಷದಲ್ಲಿ ನಲವತ್ತಕ್ಕೂ ಹೆಚ್ಚು ನಾಯಿಗಳನ್ನು ವಾಸಿಮಾಡಿ, ಲಸಿಕೆ ಹಾಕಿಸಿ, ತೋಟಗಳಿಗೆ, ಕುರಿ ಕಾಯುವವರಿಗೆ, ಚಿಂತಾಮಣಿಯ ಒಂದು ರೇಷ್ಮೆ ಮನೆಗೂ ಕೊಟ್ಟಿದ್ದಾರೆ. ಯಾರಿಗೂ ಬೇಡವಾದವು ಮನೆಯಲ್ಲೇ ಉಳಿದಿವೆ. ಬೆಳಿಗ್ಗೆ ಅಶ್ವತ್ಥಮ್ಮ ಮನೆಯವರಿಗೆ ನಾಲ್ಕು ಮುದ್ದೆ ಕಟ್ಟಿದರೆ ನಾಯಿಗಳಿಗೆ ಹದಿನಾರು ಕಟ್ಟುತ್ತಾರೆ.

“ಬೈಯ್ಕಂಡೇ ಕಟ್ತೀನಿ. ಬೈದ್ರೂ ಅವು ತಿಂತವೆ” ಎನ್ನುತ್ತಾರೆ ಆಕೆ.

ಹೋದ ವರ್ಷದ ಫೆಬ್ರವರಿಯಲ್ಲಿ ಈ ಮನೆ ಒಡೆದುಹೋಗುವುದರಲ್ಲಿತ್ತು.

ಆ ತಿಂಗಳ ಮೊದಲ ವಾರ ವೆಂಕಟರಾಮಪ್ಪ ಇನ್ನೊಂದು ನಾಯಿ ತಂದರು. ಕುತ್ತಿಗೆಯ ಮೇಲೆ ಗಾಯವಿತ್ತು. ಕೊಟ್ಟಿಗೆಯಲ್ಲಿ ಕಟ್ಟಿ, ಅರಿಶಿನ ಹಚ್ಚಿ, ಗಾಯ ಒಣಗಿದ ಮೇಲೆ ಲಸಿಕೆ ಹಾಕಿಸೋಣವೆಂದುಕೊಂಡರು. ಯಾಮಿನಿ ಕೈಯಿಂದಲೇ ತುತ್ತು ತಿನ್ನಿಸಿದಳು.

“ರೈಲಿನ ಗಾಯ ಅಂದ್ಕೊಂಡೆ ಸಾರ್. ಬೇರೆ ನಾಯಿ ಕಚ್ಚಿರ್ಬೌದು ಅಂತ ಹೊಳೀಲಿಲ್ಲ. ಅದು ನನ್ನ ತಪ್ಪು. ಯಾರ ಮೇಲೂ ಹಾಕಲ್ಲ.”

ಹನ್ನೆರಡನೇ ದಿನ ಪಕ್ಕದ ಮನೆಯ ಮುನಿಗಂಗಪ್ಪ ಹಾರೆ ಕೇಳಲು ಬಂದರು. ಅರವತ್ತು ದಾಟಿದ, ಕುರಿ ಸಾಕುವ ಮನುಷ್ಯ. ದಿನಾ ಆ ಕೊಟ್ಟಿಗೆಯ ಮುಂದೆಯೇ ಓಡಾಡುತ್ತಿದ್ದವರು. ನಾಯಿ ಗುರ್ರೆನ್ನದೆ, ಬೊಗಳದೆ ಮೀನಖಂಡಕ್ಕೆ ಬಾಯಿ ಹಾಕಿತು. ಬಿಡಿಸಲು ಇಬ್ಬರು ಬೇಕಾದರು.

ಮುನಿಗಂಗಪ್ಪನ ಮಗ ಮುನಿಶಾಮಿ ದೊಣ್ಣೆ ಹಿಡಿದು ಬಂದ. ವೆಂಕಟರಾಮಪ್ಪ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

“ಹೊಡೀಬ್ಯಾಡ ಕಣಪ್ಪ. ಹೊಡೆದು ಬಿಸಾಕಿದ್ರೆ ಇದಕ್ಕೆ ಏನಾಗಿತ್ತು ಅಂತ ಗೊತ್ತಾಗಲ್ಲ. ಹತ್ತು ದಿನ ಕಟ್ಟಿ ನೋಡಣ. ಮೊದ್ಲು ನಿಮ್ಮಪ್ಪನ್ನ ಕರ್ಕೊಂಡು ಬಾ.”

“ನಮ್ಮಪ್ಪಂಗೆ ಏನಾರ ಆದ್ರೆ?”

“ಆಗ ನನ್ನನ್ನೇ ಹೊಡಿ.”

ನಲ್ಲಿಯ ಕೆಳಗೆ ಮುದುಕನ ಕಾಲು ಹಿಡಿದು ಸೋಪು ಹಾಕಿ ಕಾಲು ಗಂಟೆ ತೊಳೆದರು. ಇಷ್ಟು ಅವರಿಗೆ ಗೊತ್ತಿತ್ತು. ನಾಯಿಗಳಿಗೆ ವರ್ಷವರ್ಷ ಲಸಿಕೆ ಹಾಕುವ ಪಶುವೈದ್ಯೆ ಡಾಕ್ಟರ್ ಅಪೇಕ್ಷಾ ಹೇಳಿಕೊಟ್ಟಿದ್ದರು. ಆದರೆ ಬೈಕ್ ಹತ್ತು ಎಂದರೆ ಮುನಿಗಂಗಪ್ಪ ಹತ್ತಲಿಲ್ಲ. “ನೇನು ರಾನುರಾ”, ನಾನು ಬರಲ್ಲ ಕಣೋ, ಎಂದು ತೆಲುಗಿಗೆ ಇಳಿದರು. ಹೊಟ್ಟೆಗೆ ಹದಿನಾಲ್ಕು ಸೂಜಿ ಚುಚ್ಚುತ್ತಾರೆಂಬ ಹಳೆಯ ಹೆದರಿಕೆ. ಗಡಿಯಾಚೆಯ ಹಳ್ಳಿಯಲ್ಲಿ ಎಲೆ ಮದ್ದು ಅರೆದು ಕೊಡುವವರಿದ್ದಾರೆ, ಅಲ್ಲಿಗೆ ಹೋಗುತ್ತೇನೆ ಎಂದರು. ಈಗ ತೋಳಿಗೆ ಹಾಕುತ್ತಾರೆ, ನಾಲ್ಕೇ ಸಲ ಎಂದು ವೆಂಕಟರಾಮಪ್ಪ ಹೇಳಿ ಹತ್ತಿಸಿ, ಮುನಿಶಾಮಿಯನ್ನೂ ಹಿಂದೆ ಕೂರಿಸಿಕೊಂಡು ಗೌರಿಬಿದನೂರಿಗೆ ಹೋದರು. ಗಾಯ ಆಳವಾಗಿದ್ದರಿಂದ ಅದರ ಸುತ್ತ ಹಾಕುವ ಇನ್ನೊಂದು ಮದ್ದಿಗೆ ಅಲ್ಲಿಂದ ಚಿಕ್ಕಬಳ್ಳಾಪುರಕ್ಕೆ. ಮನೆಗೆ ಬಂದಾಗ ಕತ್ತಲಾಗಿತ್ತು.

ಬಾಗಿಲಲ್ಲೇ ಅಶ್ವತ್ಥಮ್ಮ ಮಗಳ ಬಲಗೈ ಹಿಡಿದುಕೊಂಡು ನಿಂತಿದ್ದರು. ಯಾಮಿನಿಯ ತೋರುಬೆರಳಿನಲ್ಲಿ ಒಂದು ಸಣ್ಣ ಗೀರು. ಅದೇ ಕೈಯಲ್ಲಿ ತುತ್ತು ಕೊಟ್ಟದ್ದು.

“ಇದು ಯಾವಾಗ ಆಯ್ತು ಅಂದ್ರೆ ನೆನಪಿಲ್ಲ ಅಂತಾಳೆ” ಎಂದರು. ಅಷ್ಟು ಹೇಳಿದವರು ಮುಂದೆ ಒಂಬತ್ತು ದಿನ ಗಂಡನ ಜೊತೆ ಮಾತಾಡಲಿಲ್ಲ. ಮರುದಿನ ಮೂವರೂ ಹೋಗಿ ಸೂಜಿ ಹಾಕಿಸಿಕೊಂಡರು.

ಕಚ್ಚಿದ ಎರಡನೇ ದಿನ ನಾಯಿ ನೀರು ಕುಡಿಯುವುದನ್ನು ಬಿಟ್ಟಿತು. ಮೂರನೇ ದಿನ ಕೆಳದವಡೆ ಜೋತುಬಿತ್ತು, ಜೊಲ್ಲು ಇಳಿಯಿತು, ಕೂಗು ಒಡೆದ ಪೀಪಿಯ ಹಾಗಾಯಿತು. ವೆಂಕಟರಾಮಪ್ಪ ಕೊಟ್ಟಿಗೆಗೆ ತಗಡು ಹೊಡೆದು ಮುಚ್ಚಿದರು. ಎದುರಿನ ಗೋಡೆಯ ಮೇಲೆ ಮುನಿಶಾಮಿ ದೊಣ್ಣೆ ಇಟ್ಟುಕೊಂಡು ಕೂತಿರುತ್ತಿದ್ದ. ನಾಲ್ಕನೇ ದಿನ ಬೆಳಿಗ್ಗೆ ಹತ್ತರ ಹೊತ್ತಿಗೆ ಒಳಗೆ ಸದ್ದು ನಿಂತಿತು. ಅಪೇಕ್ಷಾ ಬಂದು, ಪರೀಕ್ಷೆಗೆ ಬೇಕಾದದ್ದನ್ನು ಬೆಂಗಳೂರಿಗೆ ಕಳಿಸಿ, ಉಳಿದದ್ದನ್ನು ಸುಣ್ಣ ಹಾಕಿ ಹೂಳಿಸಿದರು. ಎರಡು ದಿನಕ್ಕೆ ಫೋನ್ ಬಂತು. ಹುಚ್ಚುನಾಯಿ ರೋಗವೇ.

ಏಳನೇ ದಿನ, ಮೂರನೇ ಸೂಜಿಯ ದಿನ, ಮುನಿಗಂಗಪ್ಪ ಮನೆಯಲ್ಲಿರಲಿಲ್ಲ. ವೆಂಕಟರಾಮಪ್ಪನವರಿಗೆ ಅವರು ಸಿಕ್ಕಿದ್ದು ಬಸ್ ಸ್ಟಾಪಿನಲ್ಲಿ. ಒಗೆದ ಪಂಚೆ ಉಟ್ಟು, ಗಡಿಯ ಕಡೆಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದರು.

“ಎಲ್ಲಿಗಣ್ಣ?”

“ಎಲೆ ಮದ್ದಿಗೆ. ಹುಚ್ಚೇ ಅಂದ್ರಲ್ಲ. ಎಂಗೂ ಸಾಯೋದೇ. ಸೂಜಿ ಯಾತಕ್ಕೆ? ಹೊಲದ ಪತ್ರ ಎಲ್ಲಿಟ್ಟಿದೀನಿ ಅಂತ ಮುನಿಶಾಮಿಗೆ ಹೇಳಿ ಬಂದಿದೀನಿ.”

ವೆಂಕಟರಾಮಪ್ಪ ಪಕ್ಕದಲ್ಲಿ ಕೂತರು. “ಎಲೆ ಮದ್ದು ಬೇಡ ಅನ್ನಲ್ಲಣ್ಣ. ನಾನೇ ಕರ್ಕೊಂಡು ಹೋಗ್ತೀನಿ. ಸೂಜಿ ಮೊದ್ಲು, ಮದ್ದು ಆಮೇಲೆ. ಹುಚ್ಚು ಅಂತ ಗೊತ್ತಾಗಿದ್ದಕ್ಕೇ ಸೂಜಿ ಬಿಡಬಾರದು. ನನ್ನ ಮಗಳಿಗೂ ಅದೇ ಸೂಜಿ. ಅವಳನ್ನ ಬಿಟ್ಬಿಡ್ತೀನಾ?”

ಬಸ್ಸು ಬಂತು, ನಿಂತಿತು, ಹೋಯಿತು. ಮುನಿಗಂಗಪ್ಪ ಎದ್ದು ಬೈಕಿನ ಹತ್ತಿರ ನಡೆದರು. ಗೌರಿಬಿದನೂರು ಮುಗಿಸಿ, ಮಾತು ಕೊಟ್ಟಂತೆ ಇಬ್ಬರೂ ಗಡಿಯಾಚೆಗೂ ಹೋಗಿಬಂದರು.

ಅಷ್ಟರಲ್ಲಿ ಊರಲ್ಲಿ ಇನ್ನೊಂದು ಮಾತು ಎದ್ದಿತ್ತು. ಆ ನಾಯಿ ಇದ್ದ ಅಂಗಳದಲ್ಲೇ ಇನ್ನೂ ಎಂಟು ಇವೆ. ಪಂಚಾಯ್ತಿ ಸದಸ್ಯ ಗಂಗುಲಪ್ಪ ನಾಲ್ಕು ಜನರ ಜೊತೆ ಬಂದು ಭಾನುವಾರದೊಳಗೆ ಎಲ್ಲವೂ ಹೋಗಬೇಕೆಂದರು. ಅಶ್ವತ್ಥಮ್ಮನೂ ಒಳಗಿನಿಂದ “ಹೋಗ್ಲಿ” ಎಂದರು. ಅಪೇಕ್ಷಾ ಎಂಟರ ಲಸಿಕೆ ಕಾರ್ಡುಗಳನ್ನೂ ತೋರಿಸಿ, ಇನ್ನೊಂದು ಸುತ್ತು ಸೂಜಿ ಹಾಕಿ, ನಲವತ್ತೈದು ದಿನ ಕಟ್ಟಿ ನೋಡಿದರೆ ಸಾಕು ಎಂದರು. ವೆಂಕಟರಾಮಪ್ಪ ಎಲ್ಲರೆದುರು ಮಾತು ಕೊಟ್ಟರು. ಒಂದಕ್ಕೆ ಏನಾದರೂ ಆದರೆ ಎಂಟಕ್ಕೂ ತಾವೇ ಡಾಕ್ಟರ ಕೈಲಿ ಸಾವಿನ ಸೂಜಿ ಹಾಕಿಸುವುದಾಗಿ.

ಕಟ್ಟಿದ ಮೂವತ್ತೊಂದನೇ ದಿನ ಗೂಡ್ಸ್ ಮುದ್ದೆ ಮುಟ್ಟಲಿಲ್ಲ. ಮೊದಲು ನೋಡಿದ್ದು ಅಶ್ವತ್ಥಮ್ಮ.

“ಯಾರಿಗೂ ಹೇಳ್ಬೇಡಿ ಅಂದೆ. ಹೋಗ್ಲಿ ಅಂದಿದ್ದೂ ನಾನೇ. ಅವತ್ತು ಅದು ಸಪ್ಪಗೆ ಮಲಗಿದ್ದು ನೋಡಿ ತಡಿಯಕ್ಕಾಗ್ಲಿಲ್ಲ. ಇವರು ಚಪ್ಪಲಿ ಮೆಟ್ಕೊಂಡು ಸೀದಾ ಗಂಗುಲಪ್ಪನ ಮನೆಗೆ ಹೋದ್ರು.”

“ಮಾತು ಕೊಟ್ಟಿದ್ನಲ್ಲ” ಎನ್ನುತ್ತಾರೆ ವೆಂಕಟರಾಮಪ್ಪ. “ಗಂಗುಲಪ್ಪ ಎರಡು ದಿನ ನೋಡಣ ಅಂದ್ರು. ಆ ಎರಡು ದಿನ ಹಳಿ ಮೇಲೆ ನಡೆದಿದ್ದು ನನಗೆ ನೆನಪೇ ಇಲ್ಲ. ಒಂದು ಕ್ಲಿಪ್ಪು ಬಿಟ್ಟಿದೀನಾ ಅಂತ ಮೂರನೇ ದಿನ ಅದೇ ದಾರೀಲಿ ಎರಡು ಸಲ ನಡೆದೆ.”

ರಕ್ತ ಪರೀಕ್ಷೆಯಲ್ಲಿ ಉಣ್ಣೆಹುಳು ಕಚ್ಚಿ ಬರುವ ಜ್ವರ ಎಂದು ಗೊತ್ತಾಯಿತು. ಎರಡನೇ ಸಂಜೆ ಗೂಡ್ಸ್ ಅರ್ಧ ಮುದ್ದೆ ತಿಂದಿತು. ಅದನ್ನು ನೋಡಲು ಗಂಗುಲಪ್ಪನೇ ಬಂದು ಅಂಗಳದಲ್ಲಿ ನಿಂತಿದ್ದರು. ನಲವತ್ತೈದನೇ ದಿನ ಹಗ್ಗ ಬಿಚ್ಚಿದಾಗ ಎಂಟೂ ನೆಟ್ಟಗಿದ್ದವು.

ಯಾಮಿನಿ ಈಗ ಕೊನೆಯ ವರ್ಷದ ಡಿಗ್ರಿಯಲ್ಲಿದ್ದಾಳೆ. ಹೊಸ ನಾಯಿ ಬಂದರೆ ಊರಾಚೆ ಹೊಲದ ಬೋನಿನಲ್ಲಿ ಮೂರು ತಿಂಗಳು ಇರಬೇಕು, ಸೂಜಿ ಆಗದೆ ಅಂಗಳಕ್ಕೆ ಬರಕೂಡದು. ಇದು ಅಶ್ವತ್ಥಮ್ಮನ ಕಾನೂನು. ಕ್ಯಾಲೆಂಡರಿನಲ್ಲಿ ಸೂಜಿ ದಿನಗಳಿಗೆ ಕೆಂಪು ಗೆರೆ ಎಳೆಯುವವರೂ ಅವರೇ.

ಮುನಿಗಂಗಪ್ಪ ಪಕ್ಕದ ಜಗಲಿಯಲ್ಲಿ ಕೂತು ಕುರಿಗೆ ಸೊಪ್ಪು ಕಟ್ಟುತ್ತಿದ್ದಾರೆ. ಮೀನಖಂಡದ ಕಲೆ ತೋರಿಸುತ್ತಾರೆ.

“ನಾಯಿ ತಂದೋನೂ ಅವನೇ. ಆಸ್ಪತ್ರೆಗೆ ಹೊತ್ಕೊಂಡು ಹೋದೋನೂ ಅವನೇ. ಬೈಯ್ಯದಾ, ಕೈ ಮುಗಿಯದಾ ಗೊತ್ತಾಗ್ದೆ ಸುಮ್ನಿದೀನಿ.”

ಇಪ್ಪತ್ತೆಂಟನೇ ದಿನದ ಕೊನೆಯ ಸೂಜಿ ಆದಾಗಿನಿಂದ ಅವರು ವೆಂಕಟರಾಮಪ್ಪನವರ ಜೊತೆ ಮಾತಾಡಿಲ್ಲ.

ನಿಮಗೆ ಇನ್ನೇನು ಆಸೆ ಎಂದು ನಾನು ವೆಂಕಟರಾಮಪ್ಪನವರನ್ನು ಕೇಳುತ್ತೇನೆ. ಅವರು ದೊಡ್ಡದೇನೂ ಹೇಳುವುದಿಲ್ಲ. ಹೋದ ಜೂನ್‌ನಲ್ಲಿ ಅಪೇಕ್ಷಾ ಅವರನ್ನು ಕರೆಸಿ, ಶಾಲೆಯ ಮೈದಾನದಲ್ಲಿ ಊರ ನಾಯಿಗಳಿಗೆಲ್ಲ ಲಸಿಕೆ ಹಾಕಿಸಿದ್ದನ್ನು ಹೇಳುತ್ತಾರೆ. ಬೀದಿಯವೂ ಸೇರಿ ಐವತ್ತೆಂಟು. ವರ್ಷವರ್ಷ ಅದು ನಿಲ್ಲದೆ ನಡೆದರೆ ಸಾಕಂತೆ.

“ಒಬ್ಬರೂ ಬರಲ್ಲ ಅಂದ್ಕೊಂಡು ಏಳು ಗಂಟೆಗೆ ಹೋದೆ ಸಾರ್. ಮುನಿಗಂಗಣ್ಣ ಕುರಿ ಕಾಯೋ ಎರಡು ನಾಯಿ ಹಿಡ್ಕೊಂಡು ಮೊದಲನೆಯವನಾಗಿ ನಿಂತಿದ್ದ. ನಂಜೊತೆ ಮಾತಾಡ್ಲಿಲ್ಲ. ಹಗ್ಗ ಮಾತ್ರ ನನ್ನ ಕೈಗೆ ಕೊಟ್ಟ.”