ದೊಡ್ಡಮ್ಮನ ಉಯಿಲಿಗೆ ನನ್ನ ಸೈ

ಲಂಡನ್ನಿನ ವೆಂಬ್ಲಿಯ ಆ ಫ್ಲ್ಯಾಟಿನಲ್ಲಿ ನಾವು ಆರು ವರ್ಷ ಇದ್ದೆವು. ದೊಡ್ಡಮ್ಮ ಎಂದು ಕರೆಯುತ್ತಿದ್ದೆವಾದರೂ ಅವರು ನಮಗೆ ರಕ್ತಸಂಬಂಧಿಯಲ್ಲ. ಕುಂದಾಪುರದ ಕಡೆಯ ವಿಧವೆ, ಮಕ್ಕಳಿಲ್ಲ. ಹೋಟೆಲೊಂದರಲ್ಲಿ ಹಿಟ್ಟು ರುಬ್ಬಿ, ಇಡ್ಲಿ ಬೇಯಿಸಿ ಈ ಊರಿನಲ್ಲಿ ಸ್ವಂತ ಸೂರು ಮಾಡಿಕೊಂಡಿದ್ದರು. ಹೋಟೆಲ್ ಕೆಲಸಕ್ಕೆ ಸೇರಿದರೆಂಬ ಒಂದೇ ಕಾರಣಕ್ಕೆ ಊರಿನಲ್ಲಿದ್ದ ತಮ್ಮ ಅವರ ಜೊತೆ ಮಾತು ಬಿಟ್ಟಿದ್ದ. ಅವರು ಸೊಂಟ ಮುರಿದು ಹಾಸಿಗೆ ಹಿಡಿದಾಗ ನಾವು ಕೊಲಿಂಡೇಲಿನ ಬಾಡಿಗೆ ಮನೆ ಬಿಟ್ಟು ಅವರಲ್ಲಿಗೆ ಬಂದೆವು. ನನ್ನ ಹೆಂಡತಿ ಕೆಲಸವನ್ನೂ ಬಿಟ್ಟಳು. ಮೀಯಿಸಿದ್ದು, ಉಣ್ಣಿಸಿದ್ದು, ಹೇಲುಚ್ಚೆ ಬಳಿದದ್ದು ಎಲ್ಲ ಅವಳೇ. ನಾನು ಔಷಧ ತಂದುಕೊಟ್ಟು ಮಹಾ ಸೇವೆ ಮಾಡಿದವನಂತೆ ಓಡಾಡಿಕೊಂಡಿದ್ದೆ.

ಉಯಿಲು ಬರೆದದ್ದು ಒಂದು ಮಧ್ಯಾಹ್ನ, ಅಂಗಡಿಯಿಂದ ತಂದ ಫಾರಂನಲ್ಲಿ. ಮನೆ ನನ್ನ ಹೆಂಡತಿಗೆ, ಚಿನ್ನದ ಬಳೆಗಳು ದಿನಾ ಅರ್ಧ ಗಂಟೆ ಬಂದು ಹೆಂಡತಿಗೆ ಕೈಜೋಡಿಸುತ್ತಿದ್ದ ಕೇರರ್ ಹುಡುಗಿಗೆ. ಉಯಿಲು ಜಾರಿ ಮಾಡುವ ಹೊಣೆಯೂ ನನ್ನ ಹೆಂಡತಿಯದೇ. ಸಾಕ್ಷಿಗೆಂದು ಕೆಳಗಿನ ಮನೆಯ ಇಂಗ್ಲಿಷ್ ದಂಪತಿ ಮೇಲೆ ಬಂದಿದ್ದರು, ಇಬ್ಬರಿಗೂ ವಯಸ್ಸಾಗಿತ್ತು. ಎಲ್ಲರೆದುರು ದೊಡ್ಡಮ್ಮ ಸೈ ಹಾಕಿದರು, ಆಮೇಲೆ ಆ ಹೆಂಗಸು. ಅವರ ಗಂಡ ಕನ್ನಡಕ ಏರಿಸಿಕೊಂಡು ಪೆನ್ನು ಹಿಡಿದಾಗ ದೊಡ್ಡಮ್ಮ ನನ್ನ ಕಡೆ ನೋಡಿದರು.

"ನಮ್ ಮನಿ ಕಾಗ್ದಕ್ಕೆ ನಮ್ಮರೊಬ್ರ್ ಇರ್ಕ್. ನೀ ಹಾಕ್ ಮಗಾ."

ಮದುವೆಯಾಗಲಿ, ಪಾಲಾಗಲಿ, ನಮ್ಮವರು ಮುಂದೆ ನಿಂತರೇ ನಮಗೆ ಸಮಾಧಾನ. ಫಾರಂನ ಹಿಂದೆ ಸಣ್ಣ ಅಕ್ಷರದಲ್ಲಿ ಏನೇನೋ ಬರೆದಿತ್ತು. ನಾನು ಓದಲಿಲ್ಲ. ಕಾಗದಪತ್ರವೆಂದರೆ ಎಲ್ಲ ಬಲ್ಲೆನೆಂಬ ಜಂಬ. "ನೀವು ಟೀ ಕುಡಿಯಿರಿ" ಎಂದು ಆ ಮುದುಕನ ಕೈಯಿಂದ ಪೆನ್ನು ತೆಗೆದುಕೊಂಡು ನಾನೇ ಸೈ ಹಾಕಿದೆ. ದೊಡ್ಡಮ್ಮ ಕಾಗದದ ನಾಲ್ಕು ಮೂಲೆಗೂ ಅರಿಶಿನ ಹಚ್ಚಿಸಿ ದೇವರ ಮುಂದೆ ಇಡಿಸಿದರು. ತಾರೀಕು ಬರೆಯಬೇಕೆಂದು ಯಾರಿಗೂ ನೆನಪಾಗಲಿಲ್ಲ.

ದೊಡ್ಡಮ್ಮ ಕಣ್ಣು ಮುಚ್ಚಿದ ಮೇಲೆ ವಕೀಲೆಯೊಬ್ಬರ ಬಳಿ ಹೋದೆವು. ಆಕೆ ಕಾಗದ ಓದಿ, ನಾನು ಯಾರೆಂದು ಎರಡು ಸಲ ಕೇಳಿದರು. ಗಂಡ ಸಾಕ್ಷಿಯಾದರೆ ಹೆಂಡತಿಗೆ ಬಿಟ್ಟದ್ದು ಅವಳಿಗೆ ದಕ್ಕುವುದಿಲ್ಲವಂತೆ. ಉಳಿದ ಉಯಿಲು ನಿಲ್ಲುತ್ತದೆ, ಮನೆ ಮಾತ್ರ ಹತ್ತಿರದ ರಕ್ತಸಂಬಂಧಿಯೆಂದು ಊರಿನ ತಮ್ಮನಿಗೆ. ಬೇಕಾದದ್ದು ಇಬ್ಬರೇ ಸಾಕ್ಷಿ; ನನ್ನ ಜೊತೆಗೆ ಆ ಮುದುಕನೂ ಸೈ ಹಾಕಿದ್ದರೆ ನನ್ನದು ಲೆಕ್ಕಕ್ಕೆ ಬಾರದೆ ಮನೆ ಉಳಿಯುತ್ತಿತ್ತಂತೆ. ತಲೆಯ ಮೇಲೆ ಚಪ್ಪಡಿ ಎಳೆದುಕೊಂಡವರನ್ನು ಕಂಡು ನಕ್ಕಿದ್ದೇನೆ. ಇಲ್ಲಿ ಎಳೆದವನು ನಾನು, ಬಿದ್ದದ್ದು ಅವಳ ಮೇಲೆ.

ಅಷ್ಟಕ್ಕೇ ಮುಗಿಯಲಿಲ್ಲ. ತಾರೀಕಿಲ್ಲದ್ದರಿಂದ, ದೊಡ್ಡಮ್ಮ ಯಾವಾಗ, ಯಾರೆದುರು ಸೈ ಹಾಕಿದರೆಂದು ಸಾಕ್ಷಿಯೊಬ್ಬರು ಪ್ರಮಾಣ ಮಾಡಬೇಕಿತ್ತು. ಕೆಳಗಿನ ಮನೆಯ ಹೆಂಗಸು ಅಷ್ಟರಲ್ಲಿ ತೀರಿಕೊಂಡಿದ್ದರು. ಉಳಿದವನು ನಾನೊಬ್ಬನೇ.

"ಹಾಳಾಗಿ ಹೋಗ್ಲಿ, ನಾನು ಬರಲ್ಲ" ಎಂದೆ. ನಾಚಿಕೆಯೇ ಸಿಟ್ಟಾಗಿ ಬಂದಿತ್ತು.

ಹೆಂಡತಿ ದೊಡ್ಡಮ್ಮನ ಸೀರೆಗಳನ್ನು ಮಡಿಸುತ್ತಿದ್ದಳು. ಬೆಂಗಳೂರಿನವಳು, ದನಿ ಏರಿಸುವವಳಲ್ಲ. "ನೀವು ಬರದಿದ್ರೆ ಬಳೇನೂ ಆ ತಮ್ಮನಿಗೇ ಹೋಗುತ್ತೆ. ಆ ಹುಡುಗಿಗಾದ್ರೂ ಸಿಗ್ಲಿ. ಬನ್ನಿ" ಎಂದಳು.

ಹೋದೆ. ಪ್ರಮಾಣ ಮಾಡಿಸುವ ವಕೀಲರು ಅರಿಶಿನದ ಮೂಲೆಗಳ ಆ ಕಾಗದವನ್ನು ಮುಂದಿಟ್ಟು, ಇದು ನಿಮ್ಮದೇ ಸೈಯೇ ಎಂದು ಕೇಳಿದರು. ಕೆಳಗೆ ಎರಡು ಗೆರೆ ಎಳೆದು ಠೀವಿಯಿಂದ ಹಾಕಿದ ಸೈ. ಹೌದು ಎಂದೆ. ಹೆಂಡತಿ ಪಕ್ಕದಲ್ಲೇ ಕೂತಿದ್ದಳು, ನನ್ನ ಮುಖ ನೋಡಲಿಲ್ಲ.

ಬಳೆಗಳನ್ನು ಅವಳೇ ಆ ಹುಡುಗಿಗೆ ಕೊಟ್ಟಳು. ಮನೆಯ ಬೀಗದಕೈಗಳನ್ನು ತಮ್ಮನ ಕಡೆಯವರಿಗೆ ಒಪ್ಪಿಸಿದವಳೂ ಅವಳೇ.

ಕೊಲಿಂಡೇಲಿನಲ್ಲಿ ಮತ್ತೆ ಒಂದು ಕೋಣೆ ಸಿಕ್ಕಿತು. ಏಜೆಂಟ್ ಬಾಡಿಗೆ ಕರಾರನ್ನು ಮೇಜಿನ ಮೇಲಿಟ್ಟ. ಅವಳು ಹಿಂದುಮುಂದಿನ ಸಣ್ಣ ಅಕ್ಷರವನ್ನೆಲ್ಲ ಓದಿ, ಸೈ ಹಾಕಿದಳು. ನಾನು ಪೆನ್ನಿಗೆ ಕೈ ಚಾಚಿದೆ.

"ನೀವು ಬೇಡ" ಎಂದು ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡಳು.